ಕರ್ರಗಾಗದ ತೋಡಿ

…ಇಡು ಅದನ್ನ ಕೆಳಗ, ಇಡು ಅಂದ್ರ. ಹಲ್ಲಿಗಿ ಹಚ್ಚೋ ಪೇಸ್ಟು ಹಲ್ಲಿಗೇ ಹಚ್ಚಬೇಕು, ಕಡಗಕ್ಕೇನ್ ಹಲ್ಲು ಬಂದಾವೇನ್ ಸುಮಾ? ನಿನ್ನಿ ಫೋನಿನ್ಯಾಗ ಯಾವಕಿನೋ ನೋಡಿ ರೊಟ್ಟಿ ಸುತ್ತೋ ಚಮಚಮ ಕಾಗದ ಹಾಸಿ, ಸೋಡಾ ಹಾಕಿ, ಬಿಸಿನೀರು ಸುರದು ಕುಂತಿದ್ದಿ. ಇವತ್ತ ಪೇಸ್ಟು. ನಾಳಿಗೇನು, ಶಾಂಪೂ ಹಾಕಿ ಎರದು ಜಡಿ ಹೆಣೀತೀಯೇನು? ನನಗ ಗೊತ್ತದ ಇದು ಎಲ್ಲಿಂದ ಹತ್ತಿದ ಬೆಂಕಿ ಅಂತ. ಮೊನ್ನಿ ನಿನ್ನ ಅತ್ತಿ ಆಗಾಕಿ ಬಂದಳಲ್ಲ, ಕಡಗ ಎರಡು ಬೆರಳಿಲೆ ಎತ್ತಿ, ಸತ್ತ ಇಲಿ ಎತ್ತಿದಂಗ ಎತ್ತಿ, ನಮ್ಮ ಮನ್ಯಾಗ ಬೆಳ್ಳಿ ಹಿಂಗ ಕರ್ರಗಾಗಾಕ ಬಿಡಂಗಿಲ್ರಿ ಅಂತ ಮೂಗು ಮುರದು ಇಟ್ಟಳು. ಆಗಿಂದ ನಿನಗ ಅನ್ನ ಇಳೀವಲ್ದು. ಮಂದಿ ಏನಂತಾರ ಆಯಿ, ಮಂದಿ ಏನಂತಾರ. ಮಂದಿ ಏನಂತಾರ ಅನ್ನೋದ್ರಾಗೇ ನನ್ನ ಅರ್ಧಾ ಆಯುಷ್ಯ ತಿಕ್ಕಿ ತೊಳದು ಹಾಕ್ಯಾಳ ನಮ್ಮತ್ತಿ. ಕುಂದ್ರು ಇಲ್ಲಿ ಕಟ್ಟಿ ಮ್ಯಾಲ. ಆ ಕಡಗ ಇತ್ತ ಕೊಡು, ನನ್ನ ಉಡ್ಯಾಗ ಇರ್ಲಿ, ನಿನ್ನ ಕೈಮ್ಯಾಲ ಭರೋಸಾ ಇಲ್ಲ ನನಗ.

ಇದು ನಮ್ಮವ್ವಂದು. ಖರೆ ಅಂದ್ರ ನಮ್ಮವ್ವಂದೂ ಅಲ್ಲ, ಆಕಿ ಅಪ್ಪ ಮಾಡ್ಸಿದ್ದು. ಅಂವ ಔರಾದ ಕಡಿ ಎಕಂಬಾದಾಗ ಕುರಿ ಕಾಯ್ತಿದ್ದ. ಕುರಿ ಕಾಯೋರ ಮನ್ಯಾಗ ಪೆಟಗಿ ಎಲ್ಲಿ ಬರಬೇಕು, ಕಂಬಳಿ ತುಂಡಿನ್ಯಾಗ ಸುತ್ತಿ ಗ್ವಾಡಿ ಮಾಡದಾಗ ಇಡೋರು. ಉಣ್ಣಿಯೊಳಗ ಇಟ್ರ ಬೆಳ್ಳಿ ಜಲ್ದಿ ಕರ್ರಗಾಗ್ತದ, ಇದು ನೆನಪಿಟ್ಕೋ, ನಿನ್ನ ಫೋನಿನ್ಯಾಕಿ ಹೇಳಿರಾಂಗಿಲ್ಲ. ಹಳಿ ಹತ್ತಿ ಸೀರಿ ತುಂಡಿನ್ಯಾಗ ಇಡಬೇಕು, ಜೋಡಿ ಒಂದು ಸುಣ್ಣದ ಹಳ್ಳು ಇಟ್ರ ಇನ್ನೂ ಛಲೋ. ಹಂಗಾಗಿ ನಾ ಕಣ್ಣು ಬಿಟ್ಟಾಗಿಂದ ಈ ಕಡಗ ಹಂಚಿನ ತಳದಂಗ ಕರ್ರಗೇ ಇತ್ತು. ಅವ್ವ ಪಂಚಮಿ ಬಂದಾಗ ಒಮ್ಮಿ ತಗದು, ಕುಳ್ಳಿನ ಬೂದಿ ಜರಡಿ ಹಿಡದು, ಜರಡಿ ಅಲ್ಲ, ಜರಡಿಯೊಳಗ ಹರಳು ಉಳೀತಾವ, ಗೀರು ಬೀಳ್ತಾವ, ಅರಬಿಯೊಳಗ, ಹಳಿ ಬಟ್ಟಿಯೊಳಗ ಸೋಸಿ, ಅಂಟವಾಳದ ನೀರಾಗ ಕಲಸಿ ಮೆತ್ತಗ ತಿಕ್ಕಾಕಿ. ಮೆತ್ತಗ, ಕೂಸಿನ ಬೆನ್ನು ತಿಕ್ಕಿದಂಗ. ನಿಮ್ಮಂಗ ಪಾತ್ರಿ ತಿಕ್ಕೋ ತಂತಿ ತಗೊಂಡು ಅದರ ಮ್ಯಾಲ ಸಿಟ್ಟು ತೀರಿಸ್ಕೊಳ್ಳೋದಲ್ಲ. ಕೆತ್ತಿದ ಹೂವಿನ ಸಂದಿನ್ಯಾಗಿನ ಕರಿ ಮಾತ್ರ ಬಿಡಾಕಿ. ಅದು ತಗದ್ರ ಹೂವು ಕುರುಡಾಗ್ತಾವ ಅಂತಿದ್ದಳು. ತಿಕ್ಕಿದ ಅರಬಿ ಕರ್ರಗಾಗೋದು, ಕಡಗ ಬೆಳ್ಳಗಾಗೋದು. ಈ ಅರಬಿ ಮಾತು ಮರೀಬ್ಯಾಡ, ಮುಂದ ಬರ್ತದ.

ನಮ್ಮೂರು ಬಗದಲ್. ಅಪ್ಪ ತೀರಿಕೊಂಡ ಮ್ಯಾಲ ಅಲ್ಲಿ ಹೊಟ್ಟಿ ತುಂಬಂಗಿಲ್ಲ ಅಂತ ಅವ್ವ ನನ್ನ ಕರ್ಕೊಂಡು ಬೀದರಕ್ಕ ಬಂದಳು. ಬರದ ಕಾಲ ಅದು. ರೇಷನ್ ಅಂಗಡ್ಯಾಗ ಕೆಂಪು ಜ್ವಾಳ ಕೊಡೋರು, ಆ ಹಿಟ್ಟು ನಾದಿದ್ರ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ, ಬಡದ್ರ ಹರೀತಿತ್ತು, ಹರದದ್ದು ಬೇಯ್ಸಿದ್ರ ಗಂಟಲದಾಗ ಇಳೀತಿದ್ದಿಲ್ಲ. ಆದ್ರೂ ತಿಂದೇವು. ನೀವು ಪಿಜ್ಜಾದ ಅಂಚು ಬಿಡ್ತೀರಿ. ಅವ್ವಗ ರಹೀಮತ್‌ಬೀ ಖಾಲಾ ಅಂಬಾಕಿ ಮನ್ಯಾಗ ಬಿದರಿ ಕೆಲಸ ಸಿಕ್ತು. ಗಂಡಸರು ಜಸ್ತದ, ಅಂದ್ರ ಸತುವಿನ, ಹೂಜಿ, ತಟ್ಟಿ ಎರಕಾ ಹೊಯ್ದು, ಅದರ ಮ್ಯಾಲ ಬಳ್ಳಿ ಕೊರದು, ಬೆಳ್ಳಿ ತಂತಿ ಕುಂದ್ರಸೋರು. ಅವ್ವ ತಂತಿ ಕತ್ತರಿಸಿ ಕೊಡಾಕಿ, ನಾ ಕಡೀಕ ಎಣ್ಣಿ ಹಚ್ಚಿ ತಿಕ್ಕಾಕಿ. ನನ್ನ ಮೊದಲನೇ ನೌಕರಿ ಅದೇ, ಉಗುರು ಸಂದಿನ್ಯಾಗ ಕರಿ ಹೋಗ್ತಿದ್ದೇ ಇಲ್ಲ. ಖಾಲಾ ಬೆಳ್ಳಿ ತಂತಿ ಉಂಡಿ ಹಂಗೇ ತಂದು ಅವ್ವನ ಮುಂದ ಇಟ್ಟು ಹೋಗಾಕಿ, ತೂಗ್ತಿದ್ದಿಲ್ಲ, ಹಿಂದ ನಿಂತು ನೋಡ್ತಿದ್ದಿಲ್ಲ. ಆ ಭರೋಸಾದ ಮ್ಯಾಲೇ ನಮ್ಮಿಬ್ಬರ ರೊಟ್ಟಿ ನಿಂತಿತ್ತು. ಇದೂ ನೆನಪಿಟ್ಕೋ.

ಮತ್ತ ಕ್ವಾಟಿ ಮಣ್ಣು. ಬೀದರದಾಗ ಹುಟ್ಟಿ ನಿನಗ ಕ್ವಾಟಿ ಮಣ್ಣು ಗೊತ್ತಿಲ್ಲ ಅಂದ್ರ ಏನ್ ಹೇಳಲಿ, ಕ್ವಾಟಿಗಿ ಹೋಗಿ ಫೋಟೋ ಹೊಡ್ಕೊಂಡು ಬರ್ತೀರಿ ಅಷ್ಟೇ. ಕ್ವಾಟಿಯೊಳಗ ಮಳಿ ಬಿಸಿಲು ಬೀಳದ ಜಾಗಾದಾಗಿನ ಹಳಿ ಮಣ್ಣು ತರ್ತಾರ, ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿ ತರ್ತಾರ. ಅದಕ್ಕ ನೌಸಾದರ ಅನ್ನೋ ಉಪ್ಪು ಹಾಕಿ ನೀರಾಗ ಕುದಿಸಿ, ತಯಾರಾದ ಹೂಜಿ ಅದ್ರಾಗ ಅದ್ದತಾರ. ಅದ್ದಿ ತಗದ್ರ ಜಸ್ತ ಅಮಾಸಿ ರಾತ್ರಿ ಆಗಿರ್ತದ, ಬೆಳ್ಳಿ ಹೆಂಗಿತ್ತೋ ಹಂಗ. ಮಣ್ಣು ಬೆಳ್ಳಿಗಿ ಏನೂ ಮಾಡಂಗಿಲ್ಲ ಸುಮಾ. ಬೆಳ್ಳಿ ಅಲ್ಲದ್ದಕ್ಕ ಕರಿ ಬಳೀತದ, ಅಷ್ಟೇ ಅದರ ಕೆಲಸ.

ಭಾಲ್ಕಿಯಿಂದ ನೆಂಟಸ್ತನ ಬಂತು. ನಮ್ಮ ಮಾವ ಅಡತ್ ಅಂಗಡ್ಯಾಗ ಕಾಳು ತೂಗಾವ, ನಿಮ್ಮಜ್ಜ ಅಲ್ಲೇ ಚೀಲ ಹೊಲಿಯಾವ. ತೂಗಾವ, ಹೊಲಿಯಾವ, ಅಂಗಡಿ ಮಾಲಕರಲ್ಲ. ಆದ್ರ ನಮ್ಮತ್ತಿ ಶಾಂತಮ್ಮನ ನಡಿಗಿ ನೋಡಿದ್ರ ಭಾಲ್ಕಿ ಬಜಾರೆಲ್ಲ ಈಕಿ ಅಪ್ಪ ಬಳುವಳಿ ಕೊಟ್ಟಾನೇನೋ ಅನಸಬೇಕು. ಹೊಟ್ಟಿಗಿ ಹಿಟ್ಟಿಲ್ಲ ಜುಟ್ಟಿಗಿ ಮಲ್ಲಿಗಿ ಅಂತಾರಲ್ಲ, ಆ ಮಾತು ಈಕೀನ ನೋಡೇ ಹುಟ್ಟೀತು. ನಿಮ್ಮ ಕಡಿಂದ ಏನೂ ಬ್ಯಾಡ್ರಿ, ನಮ್ಮ ಸೊಸಿ ಕಾಲಿಗಿ ನಮ್ಮ ಮನತನದ ತೋಡಿನೇ ಹಾಕ್ತೇವಿ ಅಂದಳು. ತೋಡಿ ಅಂದ್ರ ಕಾಲಿಗಿ ಹಾಕೋ ದಪ್ಪನ ಕಡಗ, ಹೆಬ್ಬೆರಳಿನಷ್ಟು ದಪ್ಪ. ಹಾಕಿದರು, ಹಾಕಲಿಲ್ಲಂತಿಲ್ಲ. ಮದಿವಿ ದಿನ ನನ್ನ ಕಾಲಾಗ, ಮರುದಿನ ಬಿಚ್ಚಿ ತನ್ನ ಕಾಲಾಗ. ಆಮ್ಯಾಲ ನಂದು ಬರೇ ತಿಕ್ಕೋ ಕೆಲಸ. ಹಬ್ಬ ಬಂದ್ರ ತಿಕ್ಕು, ಬೀಗರು ಬಂದ್ರ ತಿಕ್ಕು, ಓಣ್ಯಾಗ ಯಾರದರ ಸೊಸಿ ಸರ ಹಾಕ್ಕೊಂಡು ಹೋದ್ರ ಅದಕ್ಕೂ ತಿಕ್ಕು. ಬರದ ವರ್ಷ ರೇಷನ್ ಪಾಳಿ ಹಚ್ಚಿದಾಗೂ ಸೀರಿ ಜರಾ ಮ್ಯಾಲೆತ್ತಿ ನಿಂದ್ರತಿದ್ದಳಂತ, ತೋಡಿ ಕಾಣಲಿ ಅಂತ. ಕೈಯಾಗ ಖಾಲಿ ಚೀಲ, ಕಾಲಾಗ ತೋಡಿ. ಇಂಥಾಕಿ ನಮ್ಮವ್ವ ಮದಿವ್ಯಾಗ ನನಗ ಹಾಕಿದ ಈ ಕಡಗ ನೋಡಿ ಏನಂದಳು ಗೊತ್ತದೇನು, ನಿಮ್ಮ ಕಡಿ ಬಾವಿ ಹಗ್ಗದ ಕಬ್ಬಿಣ ಬಳಿ ಕೈಗಿ ಹಾಕ್ತಾರೇನ್ರಿ ಅಂತ. ಹತ್ತು ಮಂದಿ ಮುಂದ ಅಂದಳು. ಅವ್ವ ತೆಳಗ ನೋಡಿದಳು.

ಒಂದು ಮಾತು ಮಾತ್ರ ಮನಸಿನ್ಯಾಗ ಕೊರೀತಿತ್ತು. ಆ ತೋಡಿ ಎಷ್ಟು ತಿಕ್ಕಿದ್ರೂ ಅರಬಿ ಕರ್ರಗಾಗ್ತಿದ್ದಿಲ್ಲ. ನಮ್ಮ ಬೆಳ್ಳಿ ಎಂದೂ ಕರ್ರಗಾಗಂಗಿಲ್ಲ, ಮನತನದ ಬೆಳ್ಳಿ ಅಂದ್ರ ಹಿಂಗಿರಬೇಕು ಅಂತ ಅತ್ತಿ ಓಣಿಗೆಲ್ಲ ಹೇಳ್ಕೋತ ಹೋಗಾಕಿ. ನಾ ಮನಸಿನ್ಯಾಗ, ಇದ್ಯಾವ ಬೆಳ್ಳಿನೋ ಯವ್ವಾ, ಮಳಿಗಾಲದಾಗೂ ಕರ್ರಗಾಗವಲ್ದು ಅಂತಿದ್ದೆ. ಬಾಯಿ ಬಿಡ್ಲಿಲ್ಲ. ಹೊಸಾ ಸೊಸಿ, ಕರಿ ಉಗುರಿನಾಕಿ, ನನ್ನ ಮಾತು ಯಾರು ಕೇಳ್ತಾರ?

ಮುಂದ ನನ್ನ ನಾದಿನಿಗಿ ಔರಾದದ ವರ ಗೊತ್ತಾತು. ನಿಶ್ಚಯಕ್ಕ ಅವರು ನಮ್ಮ ಮನಿಗೇ ಬರೋರು. ಅತ್ತಿ ಜವಳಿ ತರಾಕ ಬೀದರಕ್ಕ ಹೋದಾಕಿ ಅಲ್ಲಿ ಒಂದು ಅಂಗಡ್ಯಾಗ ಬಿದರಿ ತಟ್ಟಿ ನೋಡಿ ಬಂದಳು. ಕರಿ ಮ್ಯಾಲ ಬೆಳ್ಳಿ ಫಳಫಳ ಹೊಳ್ಯೋದು ನೋಡಿ, ಇದು ಹ್ಯಾಂಗ ಹಿಂಗ ಹೊಳೀತದ ಅಂತ ಕೇಳ್ಯಾಳ, ಅಂಗಡಿಯವ ಎಲ್ಲಾ ಕ್ವಾಟಿ ಮಣ್ಣಿನ ಕರಾಮತ್ ಅಮ್ಮಾ ಅಂದಾನ. ಮುಗೀತು. ಮನಿಗಿ ಬಂದು ಫರ್ಮಾನು, ನಿಮ್ಮವ್ವಗ ಹೇಳಿ ಮಣ್ಣು ತರಿಸು, ತೋಡಿ ಮಣ್ಣಾಗ ಹಾಕಿ ಬೀಗರ ಮುಂದ ಮಿಂಚಸೋಣು ಅಂತ. ಅತ್ತಿ, ಮಣ್ಣು ಬೆಳ್ಳಿ ಹೊಳಸಂಗಿಲ್ರಿ, ಉಳದದ್ದು ಕರ್ರಗ ಮಾಡ್ತದರಿ ಅಂದೆ. ಮಣ್ಣು ಬಂದ ಮ್ಯಾಲೂ ಅಂದೆ. ನೀರು ಕಾಯೋ ಮುಂದ ಮತ್ತ ಅಂದೆ. ಆಗ ಆಕಿ ಅಂದದ್ದು ನನ್ನ ಕಿವ್ಯಾಗ ಇನ್ನೂ ಅದ: "ಕರಿ ತಿಕ್ಕಿ ಉಂಡಾಕಿ ನೀ, ಬೆಳ್ಳಿದು ನಿನಗೇನ್ ತಿಳೀತದ? ಸರಿ ಅತ್ತಾಗ." ಸರದೆ. ಅತ್ತಾಗ ಸರಿ ಅಂದ ಮ್ಯಾಲ ಸರೀಬೇಕು.

ಮುಂಜಾನಿ ಓಣಿ ಹೆಣ್ಣಮಕ್ಕಳು, ಆಕಿ ತವರಿನವರು, ಎಲ್ಲಾರು ಹಿತ್ತಲದಾಗ ಕೂಡಿದ್ದರು, ಹೋಳಿಗಿ ಹೂರಣ ರುಬ್ಬೋರು, ಕಾಯಿಪಲ್ಯ ಹೆಚ್ಚೋರು. ಔರಾದದವರು ಮಧ್ಯಾಹ್ನದ ಬಸ್ಸಿಗಿ ಬರೋರು. ಅತ್ತಿ ತಾನೇ ಬೋಗುಣ್ಯಾಗ ಮಣ್ಣು ನೌಸಾದರ ಕುದಿಸಿ, ನೋಡ್ರಿ ನಮ್ಮ ತೋಡಿ ಇನ್ನ ಹ್ಯಾಂಗ ಆಗ್ತದ ಅಂತ ಎಲ್ಲಾರ್ನ ಕರದು, ಕಾಲಾಗಿಂದು ಬಿಚ್ಚಿ ಬಿಟ್ಟಳು. ಬಿಟ್ಟು ಸುಮ್ನಾದಳೇನು? ನನ್ನ ಕೈ ಹಿಡದು, ಅವತ್ತೇ ಗಂಟಿನ್ಯಾಗಿಂದ ತಗದು ಹಾಕ್ಕೊಂಡಿದ್ದ ಕಡಗ ಎಳಕೊಂಡು, ಈ ಬಾವಿ ಬಳಿನೂ ಹಾಕೋಣು, ಇದು ಇನ್ನೇನ್ ಕರ್ರಗಾಗೂದದ ಅಂತ ನಕ್ಕು ಅದನ್ನೂ ಒಗದಳು. ನೆರದಾವೆಲ್ಲ ನಕ್ಕವು. ನಗ್ತಾವ, ಮಂದಿ ಮನಿ ಹೂರಣ ತಿನ್ನೋ ಬಾಯಿ ನಗದೇ ಏನ್ ಮಾಡ್ತಾವ.

ಜರಾ ಹೊತ್ತಿಗಿ ಸೌಟಿಲೆ ಎತ್ತಿ ನೋಡ್ತಾಳ, ತೋಡಿ ಕರ್ರಗ. ಅಂತಿಂಥಾ ಕರ್ರಗಲ್ಲ, ಖಾಲಾ ಮನಿ ಹೂಜಿನೇ. ತಿಕ್ಕಿದಳು, ಸೆರಗಿಲೆ ಒರಸಿದಳು, ಹುಣಸಿಹಣ್ಣು ಹಚ್ಚಿದಳು, ಕರಿ ಅಲುಗಾಡವಲ್ದು. ಅದರ ತೆಳಗಿಂದ ನನ್ನ ಕಡಗ ಬಂತು ನೋಡು, ಹೂವಿನ ಸಂದಿನ್ಯಾಗಿನ ಕರಿ ಅಷ್ಟು ಬಿಟ್ಟು ಉಳದದ್ದೆಲ್ಲ ಬೆಳ್ಳಗ. ಹ್ಯಾಂಗ ಆತು ಅಂತ ನನಗ ಗೊತ್ತಿಲ್ಲ. ನಿನ್ನಿ ನಿನ್ನ ಆ ಚಮಚಮ ಕಾಗದ ಕರ್ರಗಾಗಿ ಬೆಳ್ಳಿ ಜರಾ ಬೆಳ್ಳಗಾತಲ್ಲ, ಹಂಗೇ ಏನೋ ಇರಬೇಕು, ಒಬ್ಬರ ಕರಿ ಇನ್ನೊಬ್ಬರಿಗಿ ಹತ್ತೂದು. ಹೂರಣ ರುಬ್ಬಾಕಿ ಎದ್ದು ನೋಡಾಕ ಬಂದಳು. ರುಬ್ಬೋ ಕಲ್ಲೂ ನಿಂತಿತ್ತು.

ಆಮ್ಯಾಲ ಶುರು ಆತು. ಕಳ್ಳಿ ಅಂದಳು ನನಗ. ದಿನಾ ತಿಕ್ಕಾಕಿ ನೀನೇ, ನಮ್ಮ ಬೆಳ್ಳಿ ತಗದು ಜಸ್ತ ಇಟ್ಟಾಕಿ ನೀನೇ, ನಿಮ್ಮವ್ವ ಬೀದರದಾಗ ಜಸ್ತದ ನಡುವೇ ಕುಂದ್ರತಾಳ, ತಾಯಿ ಮಗಳು ಕೂಡಿ ಬದಲಿ ಮಾಡೀರಿ ಅಂತ. ಎದಿ ಬಡ್ಕೊಂಡು ಅಂದಳು. ನಿಮ್ಮಪ್ಪ ಆಗ ನನ್ನ ಹೊಟ್ಟ್ಯಾಗ, ಸುಮಾ. ನನಗ ನನ್ನ ಚಿಂತಿ ಇದ್ದಿಲ್ಲ. ಈ ಮಾತು ಬೀದರ ಮುಟ್ಟಿದ್ರ ಖಾಲಾ ನಮ್ಮವ್ವನ ಮುಂದ ಬೆಳ್ಳಿ ತಂತಿ ಇಡ್ತಾಳೇನು? ಖಾಲಾ ಇಟ್ರೂ ಆಕಿ ಗಂಡಮಕ್ಕಳು ಇಡಗೊಡ್ತಾರೇನು? ಕಳ್ಳಿ ತಾಯಿ ಅಂತ ಹೆಸರು ಬಂದ್ರ ಅವ್ವ ಆ ಓಣ್ಯಾಗ ಯಾರ ಮನಿ ಕೆಲಸ ಮಾಡಿ ಉಣಬೇಕು? ಅದೊಂದೇ ನನ್ನ ತಲ್ಯಾಗ. ನಿಮ್ಮಜ್ಜನ ಕಡಿ ನೋಡಿದೆ. ಚೀಲದ ಬಾಯಿ ಹೊಲಿಯೋರು, ತಮ್ಮ ಬಾಯಿನೂ ಹೊಲ್ಕೊಂಡಿದ್ದರು. ಭಾಳ ಒಳ್ಳೇವ್ರು ನಮ್ಮಜ್ಜ ಅಂತೀಯಲ್ಲ ನೀ ಫೋಟೋ ನೋಡಿ, ಫೋಟೋದಾಗ ಎಲ್ಲಾರೂ ಒಳ್ಳೇವ್ರೇ.

ನಾ ಒಂದು ಸೀರಿ ಗಂಟು ಕಟ್ಟಿದೆ, ಕಡಗ ಕೈಗಿ ಹಾಕ್ಕೊಂಡೆ, ಹೊಸ್ತಿಲಕ್ಕ ಬಂದೆ. ಅಲ್ಲಿ ನಮ್ಮ ಮಾವ ಕಟ್ಟಿ ಮ್ಯಾಲ ತಂಬಾಕ ತಿಕ್ಕೋತ ಕುಂತಿದ್ದ. ಅಂವಗ ಎಲ್ಲಾ ಕೇಳಿಸಿತ್ತು, ಕಳ್ಳಿ ಅಂದದ್ದೂ ಕೇಳಿಸಿತ್ತು, ನಮ್ಮವ್ವನ ಹೆಸರು ತಗೊಂಡದ್ದೂ ಕೇಳಿಸಿತ್ತು. ಕೇಳ್ಕೋತ ತಂಬಾಕ ತಿಕ್ಕ್ಯಾನ. ನಾ ಒಂದು ಕಾಲು ಹೊರಗ ಇಟ್ಟ ಮ್ಯಾಲ ಎದ್ದು ನಿಂತು, ಒಳಗಿನ ಹೆಂಡ್ತಿಗಿ ಅಂದ, ದನಿ ಎತ್ತಲಿಲ್ಲ:

"ತೋಡಿ ಆಕಿ ತಗೊಂಡಿಲ್ಲ. ನೀ ಉಂಡೀದಿ."

ಏನಂದ್ರಿ ಅಂದಳು ಅತ್ತಿ.

"ಬರದಾಗ ಅಡತ್ ಅಂಗಡಿ ಬಂದ್ ಆಗಿತ್ತು. ತೂಗಾಕ ಒಂದು ಕಾಳು ಇದ್ದಿಲ್ಲ. ತೋಡಿ ಕೊಂಡಿ ಸಡ್ಲಾಗ್ಯಾದ, ಬೀದರಕ್ಕ ಒಯ್ದು ಬಿಗಿ ಮಾಡ್ಸಿ ತರ್ತೇನಿ ಅಂತ ಒಯ್ದಿದ್ದೆ, ನೆನಪದೇನು? ಅದನ್ನ ಮಾರಿ ಜಸ್ತದ್ದು ಮಾಡ್ಸಿ, ಮ್ಯಾಲ ಬೆಳ್ಳಿಯಂಥಾ ಗಿಲೀಟ್ ಪಾಲಿಶ್ ಕೊಡ್ಸಿ ತಂದೆ. ತಿಕ್ಕಿಸಿ ತಿಕ್ಕಿಸಿ ಅದನ್ನೂ ಸವಸೀದಿ. ಬಂದ ಬೀಗರಿಗೆಲ್ಲ ಬಿಳಿ ಜ್ವಾಳದ ರೊಟ್ಟಿ ಬಡದು ಹಾಕ್ದಿ. ಎಲ್ಲಿಂದ ಬಂತು ಅಂತ ಒಂದು ದಿನರ ಕೇಳಿದ್ದೇನು?"

ನೀ ಈಗ ಅಯ್ಯೋ ಪಾಪ ಮಾವ ಅನ್ಲತ್ತಿ, ನಿನ್ನ ಮಾರಿ ನೋಡಿದ್ರೇ ತಿಳೀತದ. ಅನ್ಬ್ಯಾಡ. ಹಿತ್ತಲದಾಗ ಮಣ್ಣು ಕುದಿಯೋ ಮುಂದ ಬಂದು ಒಂದು ಮಾತು ಅಂದಿದ್ರ ಏನಾಗ್ತಿತ್ತು? ನನ್ನ ಹೊಟ್ಟಿ ನೋಡಿಲ್ಲಂವ, ಗಂಟು ನೋಡಿ ಬಾಯಿ ತಗದ. ಮನಿ ಇಜ್ಜತ್ ಕಾಯ್ದಾನಂತ. ಯಾರ ಇಜ್ಜತ್? ಕಾಯೋದಾದ್ರ ಕಳ್ಳಿ ಅನ್ನೋಕ್ಕಿಂತ ಮೊದಲ ಕಾಯಬೇಕು.

ಮತ್ತ ಅತ್ತಿ. ಈಗ ಅಳ್ತಾಳ, ನನ್ನ ಕೈ ಹಿಡೀತಾಳ, ತಪ್ಪಾತು ಅಂತಾಳ ಅಂತ ನೀ ಅನ್ಕೊಂಡಿದ್ದಿ ಅಂದ್ರ ನಿನಗ ಮಂದಿ ಗೊತ್ತಿಲ್ಲ. ಮೊದಲ ಮಾತು ಏನು, ಬಾಗಲ ಹಾಕ್ರಿ, ಓಣಿಗಿ ಕೇಳಸ್ತದ. ಅರ್ಧಾ ಓಣಿ ಹಿತ್ತಲದಾಗೇ ಇತ್ತು. ಎರಡನೇ ಮಾತು, ಔರಾದದವರು ಬರೂ ಹೊತ್ತಾತು, ಹುಡ್ಗಿ ಮೈಮ್ಯಾಲ ಒಂದು ಬೆಳ್ಳಿ ಇಲ್ಲ. ಹಂಗಂದು ನನ್ನ ಕೈ ನೋಡಿದಳು. ಈ ಕಡಗ ನೋಡಿದಳು, ಬಾವಿ ಹಗ್ಗದ ಬಳಿ ನೋಡಿದಳು. ಕೊಡ ಯವ್ವಾ ಕಾಶಿ, ನಿನ್ನ ನಾದಿನಿ ಕೈಗಿ ಹಾಕ್ತೇನಿ ಅಂತ. ಯವ್ವಾ ಅಂತ. ಅದಕ್ಕಿಂತ ಮೊದಲ ಎಂದರ ಯವ್ವಾ ಅಂದಿದ್ದಳೇನು? ಏ ಹುಡ್ಗಿ, ಏ ಬಗದಲ್, ಅಷ್ಟೇ ನನ್ನ ಹೆಸರು ಆ ಮನ್ಯಾಗ.

ನಾ ಕೊಟ್ಟೆ. ಹ್ಞೂ, ಕೊಟ್ಟೆ. ನಾದಿನಿ ಪಾಪ ಮೂಲ್ಯಾಗ ಬರೇ ಕೈಲೆ ನಿಂತಿದ್ದಳು, ಆಕಿ ಏನ್ ಮಾಡ್ಯಾಳ? ಆದ್ರ ಪುಕ್ಕಟೆ ಕೊಡಲಿಲ್ಲ. ಗಂಟು ಹೊಸ್ತಿಲದ ಮ್ಯಾಲೇ ಇಟ್ಟು ಅಂದೆ, "ಅತ್ತಿ, ಬೀಗರು ಬಂದು ಇದು ಯಾರ ಬೆಳ್ಳಿ ಅಂತ ಕೇಳ್ತಾರ. ನಮ್ಮ ಬೀಗ್ತಿ ಬೆಳ್ಳಿ ಅಂತ ನಿಮ್ಮ ಬಾಯಿಲೆ ಅನಬೇಕ್ರಿ. ಅನ್ಲಿಲ್ಲಂದ್ರ ಆ ಕರಿ ತೋಡಿ ತಂದು ನಡುವ ಇಡ್ತೇನಿ." ಆಕಿ ನನ್ನ ನುಂಗೋಹಂಗ ನೋಡಿದಳು. ಈ ಮಾತಿಗಿ ನಿಮ್ಮಜ್ಜರ ಬಾಯಿ ಹೊಲಗಿ ಬಿಚ್ಚಿತು, ಅವ್ವಾ, ಅಂದುಬಿಡು ಅಂದರು. ಎಂಥಾ ಧೈರ್ಯ.

ಔರಾದದವರು ಬಂದರು. ಹುಡುಗನ ತಾಯಿ ನಾದಿನಿ ಕೈ ತಿರುಗಿಸಿ ನೋಡಿ, ಹಳೀ ಕೆಲಸ ಅದರಿ, ಕೆತ್ತನಿ ಭಾಳ ಛಂದ ಅದ, ನಿಮ್ಮ ಮನತನದ್ದೇನ್ರಿ ಅಂದಳು. ನಾ ನೀರಿನ ತಂಬಿಗಿ ಹಿಡಕೊಂಡು ಬಾಗಲದಾಗೇ ನಿಂತೆ. ಅತ್ತಿ ನನ್ನ ನೋಡಿದಳು, ತಂಬಿಗಿ ನೋಡಿದಳು. ಹರಳೆಣ್ಣಿ ಕುಡದವರಂಗ ಮಾರಿ ಮಾಡಿ, ಇಲ್ರಿ, ನಮ್ಮ ಬೀಗ್ತಿದರಿ, ಬೀದರದಾಗ ಇರ್ತಾರ ಅಂದಳು. ಕುರಿ ಕಾಯೋರ ಬೆಳ್ಳಿ ಅನ್ನಲಿಲ್ಲ, ಅದು ಅನ್ನಾಕ ನಾಲಿಗಿ ಹೊರಳಲಿಲ್ಲ. ನಡೀತದ. ಬಸ್ಸು ಹತ್ತಿಸಿ ಬರೂದ್ರೊಳಗ ನಾ ನಾದಿನಿ ಕೈಯಾಗಿಂದ ಕಡಗ ಬಿಚ್ಕೊಂಡೆ. ಬಿಡ್ತೇನೇನು? ಅಂದಿನಿಂದ ಕೈ ಬಿಟ್ಟು ತಗದಿಲ್ಲ, ಮುಪ್ಪಿಗಿ ಮುಂಗೈ ಬಾತು ಬಿಗಿ ಆಗೋತನ. ಮೈಮ್ಯಾಲ ಇದ್ದ ಬೆಳ್ಳಿ ಅಷ್ಟಾಗಿ ಕರ್ರಗಾಗಂಗಿಲ್ಲ, ಕಪಾಟಿನ್ಯಾಗ ಇಟ್ಟದ್ದೇ ಆಗ್ತದ, ಇದು ಸೈತ ನೆನಪಿಟ್ಕೋ.

ಅತ್ತಿ ಮುಂದ ಏನ್ ಮಾಡಿದಳು ಅಂತಿ? ಆ ಜಸ್ತಕ್ಕ ಮತ್ತ ಗಿಲೀಟ್ ಕೊಡ್ಸಿದಳು. ಗೊತ್ತಿದ್ದೂ ಗೊತ್ತಿದ್ದೂ. ಸಾಯೋತನ ಹಾಕ್ಕೊಂಡು, ನಮ್ಮ ಬೆಳ್ಳಿ ಎಂದೂ ಕರ್ರಗಾಗಂಗಿಲ್ಲ ಅಂತ ಹೇಳ್ಕೋತೇ ಹೋದಳು. ಓಣಿ ಹೆಣ್ಣಮಕ್ಕಳಿಗಿ ಎಲ್ಲಾ ಗೊತ್ತಿತ್ತು, ಹೌದ್ರಿ ಹೌದ್ರಿ ಅನ್ನೋರು. ತಿಕ್ಕು ಅಂತ ನನಗ ಮಾತ್ರ ಮತ್ತ ಎಂದೂ ಹೇಳಲಿಲ್ಲ.

ಹೋಗು ಈಗ, ಬಚ್ಚಲ ಒಲ್ಯಾಗಿನ ಬೂದಿ ತಾ, ಅರಬಿಯೊಳಗ ಸೋಸಿ ತಾ. ನಾನೇ ತಿಕ್ಕಿ ಕೊಡ್ತೇನಿ, ಹೂವಿನ ಸಂದಿಗಿ ಕೈ ಹಚ್ಚಬ್ಯಾಡ. ಮತ್ತ ಆ ನಿನ್ನ ಅತ್ತಿ ಆಗಾಕಿಗಿ ಫೋನ್ ಹಚ್ಚು. ನಿಮ್ಮ ಮನಿ ಬೆಳ್ಳಿ ಕರ್ರಗಾಗಂಗಿಲ್ಲಂತಲ್ರಿ, ನಮ್ಮ ಆಯಿ ಒಮ್ಮಿ ನೋಡಬೇಕಂತಾಳ, ಬರೋ ಮುಂದ ತರ್ರಿ ಅಂತ ಹೇಳು. ಬೆಳ್ಳಿ ಅಂದ ಮ್ಯಾಲ ಕರ್ರಗಾಗೂದೇ ಸುಮಾ, ತಿಕ್ಕಿದ್ರ ಹೋಗ್ತದ. ಎಂದೂ ಕರ್ರಗಾಗಂಗಿಲ್ಲ ಅನ್ನೋ ಮನಿಗಿ ಹೆಣ್ಣು ಕೊಡೋ ಮುಂದ ಒಲಿ ಮ್ಯಾಲ ಮಣ್ಣು ಕಾಯಾಕ ಇಟ್ಟಿರಬೇಕು.